ಪುಸ್ತಕಗಳಿಗೊಂದು ಖೋಲಿ

ಬನಹಟ್ಟಿ
ರವಿವಾರ, 14 ಸೆಪ್ಟೆಂಬರ್ 2025

ಪ್ರೀತಿಯ ಭೀಮಶಿ ಅಣ್ಣಾ,

ಮೊದಲು ನಿನ್ನ ಕಿವಿಯ ಸುದ್ದಿ ಹೇಳು. ಎಡಗಿವಿಯೊಳಗೆ ಸೀಟಿ ಹೊಡೆದ ಹಾಗೆ ಆಗುತ್ತದೆ, ಮಲಗಿದಾಗ ಜಾಸ್ತಿ ಅಂತ ಹೋದ ಪತ್ರದಲ್ಲಿ ಬರೆದಿದ್ದೆ. ಅದನ್ನು ಓದಿದ ಮೇಲೆ ನನಗೂ ಮಲಗಿದಾಗ ಏನೋ ಕೇಳಿದ ಹಾಗೆ ಆಗತೊಡಗಿದೆ. ನಮ್ಮ ಮನೆಯವರು ನಗುತ್ತಾರೆ, ‘ಅವಗ ಸೀಟಿ, ನಿನಗ ಚಿಂತಿ’ ಅಂತ. ದವಾಖಾನೆಗೆ ತೋರಿಸಿದೆಯೋ, ಇಲ್ಲ ಒಂದು ಪಾಳಿ ತಪ್ಪುತ್ತದೆ ಎಂದು ಮುಂದಕ್ಕೆ ದೂಡುತ್ತಿದ್ದೀಯೋ? ಕಿವಿಗೆ ಅರಳೆ ಇಟ್ಟುಕೋ ಅಂದರೆ ನೀನು ಕೇಳುವವನಲ್ಲ. ಸುತ್ತಲೂ ಅರಳೆಯೇ ಹಾರಾಡುವ ಮಗ್ಗದ ಕಾರಖಾನೆಯಲ್ಲಿ ದುಡಿಯುವವನಿಗೆ ಎರಡು ಚೂರು ಅರಳೆ ಸಿಗುವುದಿಲ್ಲವೇ? ಉಜ್ವಲಾ ವೈನಿಯ ಮೊಣಕಾಲಿಗೆ ಬಿಸಿನೀರಿನ ಕಾವು ಕೊಡುತ್ತಿದ್ದೀರೋ ಇಲ್ಲವೋ? ನೇತ್ರಾ ನನಗೆ ‘ಆತ್ಯಾ’, ಅಂದರೆ ಸೋದರತ್ತೆ, ಅಂತ ಬರೆದು ಮರಾಠಿಯಲ್ಲಿ ಎರಡು ಸಾಲು ಹಾಕಿದ್ದಳು. ನಾನು ಅದನ್ನು ನಮ್ಮ ಶಾಲೆಯಲ್ಲಿ ಹಿಂದಿ ಕಲಿಸುವ ಅಕ್ಕಾರ ಕಡೆಯಿಂದ ಓದಿಸಿಕೊಂಡೆ. ತಂಗಿ ಅನ್ನಿಸಿಕೊಂಡವಳಿಗೆ ಅಣ್ಣನ ಮಗಳ ಪತ್ರ ಓದಲು ಬರುವುದಿಲ್ಲ ನೋಡು. ಇರಲಿ. ಅವಳ ಅಕ್ಷರ ಮುತ್ತಿನ ಹಾಗಿದೆ ಎಂದು ಹೇಳು.

ಇಲ್ಲಿ ನಾವು ನಡೆಸಿಕೊಂಡು ಹೋಗುತ್ತಿದ್ದೇವೆ. ಅವ್ವನಿಗೆ ಬಿ.ಪಿ. ಗುಳಿಗೆ ನುಂಗಿಸುವುದೇ ಒಂದು ಕೆಲಸ. ‘ನುಂಗಿ ನುಂಗಿ ನನ್ನ ಹೊಟ್ಟೀನ ದವಾಖಾನಿ ಆಗೇತಿ’ ಅನ್ನುತ್ತಾಳೆ. ನಾನು ಶಾಲೆಗೆ ಹೋದ ಮೇಲೆ ಗುಳಿಗೆಯನ್ನು ತುಳಸಿ ಕಟ್ಟೆಯಲ್ಲಿ ಹೂಳುತ್ತಾಳೋ ಏನೋ ಎಂಬ ಅನುಮಾನ ನನಗಿದೆ. ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಆ ಕಡೆ ‘ಹಾಂ? ಏನಂದಿ?’ ಎಂದು ಕೂಗುವುದು, ನಾನು ಈ ಕಡೆ ಕೂಗುವುದು, ಕೊನೆಗೆ ಓಣಿಯ ಮಂದಿಗೆಲ್ಲ ಸುದ್ದಿ ತಿಳಿದು ನಿನಗೊಬ್ಬನಿಗೇ ತಿಳಿಯದೆ ಉಳಿಯುವುದು. ಹೋದ ಸಲ ಅವ್ವನಿಗೆ ಜ್ವರ ಅಂದರೆ ನೀನು ‘ಛಲೋ ಆತು, ಛಲೋ ಆತು’ ಅಂದೆ. ಅದಕ್ಕೇ ಕಾಗದ. ಮತ್ತೆ ಈ ಸಲದ ಮಾತು ಕೂಗಿ ಹೇಳುವಂಥದ್ದೂ ಅಲ್ಲ.

ಮಾತು ಇಷ್ಟೇ ಅಣ್ಣಾ. ನಮ್ಮ ಮಗ್ಗದ ಖೋಲಿ ಬೇಕಾಗಿದೆ. ನನಗಲ್ಲ, ಶಾಲೆಯ ಪುಸ್ತಕಗಳಿಗೆ. ಪುಸ್ತಕ ಬರಬೇಕೆಂದರೆ ಅಪ್ಪನ ಮಗ್ಗ ಬಿಚ್ಚಬೇಕು. ಮಗ್ಗ ಬಿಚ್ಚಬೇಕೆಂದರೆ ಮೊದಲು ಹಣಿಗೆಯಲ್ಲಿ ನೀನು ಬಿಟ್ಟು ಹೋದ ಎಳೆ ಕೊಯ್ಯಬೇಕು. ಇಚಲಕರಂಜಿಯ ಕಾರಖಾನೆಗೆ ಹೊರಡುವ ಮೊದಲು ಕೊನೆಯ ಸೀರೆ ಕೊಯ್ದಾಗ ಹಾಸಿನ ಉದ್ದೆಳೆಗಳನ್ನು ಗೇಣುದ್ದ ಹಾಗೇ ಉಳಿಸಿ, ‘ಹೊಸಾ ಹಾಸು ತಂದ ಇದಕ್ಕ ಎಳಿಗಿ ಎಳಿ ಕೂಡಿಸಿ ಕೆಚ್ಚತೀನಿ, ಮಗ್ಗ ಬರಿದು ಮಾಡಬ್ಯಾಡ್ರಿ’ ಅಂದಿದ್ದೆ. ಎಳೆ ಇರುವ ತನಕ ಮಗ್ಗ ನಿಂತಿದೆ ಅಂತ ಲೆಕ್ಕ, ಎಳೆ ಕೊಯ್ದರೆ ಆ ಮನೆಯಲ್ಲಿ ನೇಯ್ಗೆ ಮುಗಿಯಿತು ಅಂತ ಲೆಕ್ಕ. ನಮ್ಮ ಓಣಿಯಲ್ಲಿ ಹುಟ್ಟಿದ ಕೂಸಿಗೂ ಇದು ಗೊತ್ತು. ಅವ್ವ ಇವತ್ತಿಗೂ ಸೋಮವಾರ ಸೋಮವಾರ ಆ ಎಳೆಗಳ ಮೇಲಿನ ಧೂಳು ಊದಿ ಅರಿಷಿಣ ಕುಂಕುಮ ಹಚ್ಚುತ್ತಾಳೆ. ಅದಕ್ಕೇ ನಿನ್ನನ್ನು ಕೇಳದೆ ನಾನು ಕತ್ತರಿ ಮುಟ್ಟುವವಳಲ್ಲ. ಬೇಡ ಅಂದರೆ ಬೇಡ. ಆದರೆ ಪೂರಾ ಓದಿದ ಮೇಲೆ ಹೇಳು, ಮೊದಲೇ ಸಿಟ್ಟಿಗೇಳಬೇಡ.

ಶಾಲೆ ಶುರುವಾದ ಜೂನಿನಲ್ಲಿ ಯಾವುದೋ ಟ್ರಸ್ಟಿನವರು ನಮ್ಮ ಶಾಲೆಗೆ ಇ-ರೀಡರ್ ಕೊಟ್ಟರು. ಕೈಯಗಲದ ಕರಿ ಹಲಗೆ, ಮೇಲೆ ಬೂದು ಬಣ್ಣದ ಪರದೆ. ಅದರೊಳಗೆ ಪುಸ್ತಕ ಕಾಣುತ್ತದೆ, ಬೆರಳು ಸರಿಸಿದರೆ ಪುಟ ತಿರುಗುತ್ತದೆ. ಮಕ್ಕಳು ಅದಕ್ಕೆ ಮೊದಲ ದಿನವೇ ಪಾಟಿ ಅಂತ ಹೆಸರಿಟ್ಟರು, ಈಗ ಹೆಡ್ ಮಾಸ್ತರರೂ ಪಾಟಿ ಅಂತಲೇ ಅನ್ನುತ್ತಾರೆ. ಒಂದು ಪಾಟಿಯೊಳಗೆ ನಮ್ಮ ಎಲ್ಲ ಕಪಾಟುಗಳಿಗಿಂತ ಹೆಚ್ಚು ಪುಸ್ತಕ ಇವೆಯಂತೆ. ಹೂವಿನ ಹಾರ ಹಾಕಿ ಟೇಪು ಕತ್ತರಿಸಿದರು. ಭಾಷಣ ಮಾಡಿದವರು ‘ಇನ್ನು ಮುಂದೆ ಇದೇ ಗ್ರಂಥಾಲಯ’ ಅಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಟ್ಟುತ್ತಾ ತಟ್ಟುತ್ತಾ ಅನ್ನಿಸಿತು, ಅದೇ ಗ್ರಂಥಾಲಯ ಆದರೆ ನಾನು ಏನು? ನನ್ನ ಕಲಿಕೆ ನಿನಗೆ ಗೊತ್ತಿದೆ. ಆರನೆಯ ಇಯತ್ತೆಯಲ್ಲಿ ಬಿಟ್ಟು ಮಗ್ಗದ ಕಂಡಿಕೆಗೆ ನೂಲು ಸುತ್ತಲು ಕೂತವಳು, ಮದುವೆಯಾದ ಮೇಲೆ ಹತ್ತನೆಯದನ್ನು ಹೊರಗಿನಿಂದ ಕಟ್ಟಿ, ಗಣಿತದಲ್ಲಿ ಬಿದ್ದು, ಎದ್ದು, ಹೇಗೋ ದಾಟಿದವಳು. ಶಾಲೆಗೆ ಕಸ ಹೊಡೆಯಲು ಸೇರಿದೆ. ಹಳೆಯ ಗ್ರಂಥಪಾಲಕರು ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ, ಕೀಲಿಕೈ ನನ್ನ ಕೈಗೆ ಬಂತು. ಕಾಗದದ ಮೇಲೆ ಇವತ್ತಿಗೂ ಸಿಪಾಯಿ, ಮಕ್ಕಳ ಬಾಯಲ್ಲಿ ಪುಸ್ತಕದ ಅಕ್ಕಾರು. ಆ ಪುಸ್ತಕ ಹೋದರೆ ಹಿಂದೆ ಉಳಿಯುವುದು ಬರೀ ಸಿಪಾಯಿ ತಾನೇ? ಆ ದಿನ ಕೊಟ್ಟ ಪೇಡೆಯನ್ನು ನಾನು ತಿನ್ನಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡು ಬಂದು ಅವ್ವನಿಗೆ ಕೊಟ್ಟೆ.

ಕಲಿಸಲು ಬೆಳಗಾವಿಯಿಂದ ಪೂನಮ್ ಅಂತ ಒಬ್ಬ ಹುಡುಗಿ ಬಂದಿದ್ದಳು. ಛಲೋ ಹುಡುಗಿ, ನಗುಮುಖ, ನನಗೂ ‘ಮೇಡಮ್’ ಅನ್ನುತ್ತಾಳೆ. ನಾನು ಹಿಂದೆ ಯಾರೋ ನಿಂತಿದ್ದಾರೆ ಅಂತ ತಿರುಗಿ ನೋಡಿದೆ. ‘ಏನೂ ಆಗೂದಿಲ್ರೀ ಮೇಡಮ್, ಮುಟ್ಟ್ರಿ, ಇದು ಕಚ್ಚೂದಿಲ್ಲ’ ಅಂತ ನನ್ನ ಬೆರಳು ಹಿಡಿದು ಪರದೆಯ ಮೇಲೆ ಇಟ್ಟಳು. ನನ್ನ ಬೆರಳಿಗೆ ಅದು ಸ್ಪಂದಿಸಲೇ ಇಲ್ಲ. ಕಂಡಿಕೆ ಸುತ್ತಿ ಸುತ್ತಿ ತುದಿ ಗಟ್ಟಿಯಾಗಿದೆಯಲ್ಲ, ಅದಕ್ಕೆ ಇರಬೇಕು. ಮಕ್ಕಳು ಸರಿಸಿದರೆ ಪುಟ ಹೋಗುತ್ತದೆ, ನಾನು ಸರಿಸಿದರೆ ಎರಡು ಸಲಕ್ಕೆ ಒಂದು ಸಲ ಹೋಗುತ್ತದೆ. ಚಾರ್ಜು ಒಮ್ಮೆ ಹಾಕಿದರೆ ಬಹಳ ದಿನ ಬರುತ್ತದೆ ಅಂತ ಅವಳು ಹೇಳಿದಳು. ನನಗೆ ನಂಬಿಕೆ ಆಗಲಿಲ್ಲ. ನಮ್ಮಲ್ಲಿ ಕರೆಂಟ್ ಯಾವಾಗ ಬರುತ್ತದೆ ಯಾವಾಗ ಹೋಗುತ್ತದೆ ಎಂದು ಯಾರಿಗೆ ಗೊತ್ತು, ಬಂದಾಗ ತುಂಬಿಸಿಟ್ಟುಕೊಳ್ಳಬೇಕು, ನೀರು ತುಂಬಿದ ಹಾಗೆ. ದಿನಾ ಬೆಳಿಗ್ಗೆ ಬಂದು ಎಲ್ಲವನ್ನೂ ಚಾರ್ಜಿಗೆ ಹಚ್ಚುವುದು, ಮಧ್ಯಾಹ್ನ ಒಂದೊಂದಾಗಿ ಕಿತ್ತು ನೋಡುವುದು. ಒಂದು ದಿನ ಒಂದು ಪಾಟಿ ಪರದೆಯ ಮೇಲೆ ಅಕ್ಷರ ಹಾಗೇ ನಿಂತು, ಎಷ್ಟು ಒತ್ತಿದರೂ ಮುಂದೆ ಹೋಗಲಿಲ್ಲ. ಸತ್ತಿದ್ದರೆ ಪರದೆ ಕಪ್ಪಾಗಬೇಕಲ್ಲ, ಅಕ್ಷರ ಕಾಣುತ್ತದೆಯಲ್ಲ ಅಂತ ನಾನು ಅದರ ಮುಂದೆ ಕೂತು ಬೆವರಿದ್ದೇ ಬೆವರಿದ್ದು. ಪೂನಮ್‌ಗೆ ಫೋನ್ ಮಾಡಿದರೆ, ಕರೆಂಟ್ ಮುಗಿದರೂ ಕೊನೆಯ ಪುಟ ಹಾಗೇ ಕಾಣುತ್ತಾ ಇರುತ್ತದೆ, ಅದರ ರೀತಿಯೇ ಹಾಗೆ ಅಂದಳು. ದಿನಾ ಚಾರ್ಜಿಗೆ ಹಚ್ಚುವ ನನ್ನ ಕೈಯಿಂದಲೇ ಒಂದು ತಪ್ಪಿಸಿಕೊಂಡಿತ್ತು. ಅಂದಿನಿಂದ ಎರಡು ಹೊತ್ತು ನೋಡುತ್ತೇನೆ.

ಅದಕ್ಕಿಂತ ದೊಡ್ಡ ಫಜೀತಿ ದಾರದ್ದು. ನಮ್ಮ ಮಕ್ಕಳು ಪುಸ್ತಕದಲ್ಲಿ ಎಲ್ಲಿಗೆ ಓದಿದ್ದೇವೆ ಅಂತ ಗುರುತಿಗೆ ದಾರ ಇಡುತ್ತಿದ್ದರಲ್ಲ, ಮನೆಯ ಮಗ್ಗದಿಂದ ತಂದದ್ದು, ಒಬ್ಬೊಬ್ಬರದು ಒಂದೊಂದು ಬಣ್ಣ. ಒಂದೇ ಪುಸ್ತಕದಲ್ಲಿ ಕೆಂಪು, ಹಳದಿ, ಗಿಳಿಹಸಿರು, ಜಾಂಬಳಿ ಎಲ್ಲ ಬಾಲ ಬಿಟ್ಟುಕೊಂಡು ಇರುತ್ತಿದ್ದವು. ಯಾರು ಎಲ್ಲಿದ್ದಾರೆ ಅಂತ ನನಗೆ ದೂರದಿಂದಲೇ ತಿಳಿಯುತ್ತಿತ್ತು. ಪಾಟಿಯಲ್ಲಿ ಹಾಗಲ್ಲ. ಒಬ್ಬ ಓದಿ ಇಟ್ಟ ಪಾಟಿಯನ್ನು ಇನ್ನೊಬ್ಬ ತೆಗೆದು ಮುಂದೆ ಓದಿದರೆ ಅದು ಅವನ ಪುಟದಲ್ಲೇ ನಿಲ್ಲುತ್ತದೆ, ಮೊದಲಿನವನ ಪುಟ ಕಳೆದುಹೋಯಿತು. ಮೂಲೆ ಮಡಚಿದ ಹಾಗೆ ಗುರುತು ಹಾಕಬಹುದು, ಆದರೆ ಎಲ್ಲರದೂ ಒಂದೇ ತರದ ಮೂಲೆ, ಯಾರದು ಯಾವುದೆಂದು ಹೇಗೆ ಗೊತ್ತಾಗಬೇಕು? ದಿನಾ ಪುಟಕ್ಕಾಗಿ ಜಗಳ. ‘ಲೇ, ನನ್ನ ಪಾನ ಯಾಂವ ಸರಿಸಿದಾಂವ?’ ‘ನಿನ್ನ ಪಾನಕ್ಕ ನಿಮ್ಮಪ್ಪನ ಹೆಸರ ಬರದೈತೇನಲೇ?’ ಕೇಳಿ ಕೇಳಿ ನನಗೆ ತಲೆ ನೋವು. ಸುಮ್ಮನಿರಿ, ನಿಮ್ಮ ನಿಮ್ಮ ದಾರ ಪಾಟಿಗೆ ಕಟ್ಟಿರಿ, ದಾರ ನೋಡಿ ತೆಗೆದುಕೊಳ್ಳಿರಿ ಅಂದೆ. ಅದೇ ನಾನು ಮಾಡಿದ ತಪ್ಪು. ಕಟ್ಟಲು ಜಾಗ ಎಲ್ಲಿದೆ? ಎಂಟನೆಯ ವರ್ಗದ ಅಮಿತ ತಿರುವಿ ಮುರುವಿ ನೋಡಿ, ಪಾಟಿಯ ಕೆಳಗೆ ಚಾರ್ಜಿನ ತೂತು ಕಂಡು, ಅದರೊಳಗೆ ದಾರದ ಗಂಟನ್ನು ಕಡ್ಡಿಯಿಂದ ಒತ್ತಿ ಕೂರಿಸಿದ. ಅವನನ್ನು ನೋಡಿ ಉಳಿದವರೂ ಹಾಗೇ ಮಾಡಿದರು. ತೂತು ಕಂಡರೆ ದಾರ ಪೋಣಿಸುವ ಮಂದಿ ನಾವು, ಅವರದೇನು ತಪ್ಪು? ಮರುದಿನ ನಾನು ಚಾರ್ಜಿನ ವೈರು ಹಚ್ಚಲು ಹೋದರೆ ಒಂದಕ್ಕೂ ಒಳಗೆ ಹೋಗುವುದಿಲ್ಲ. ಎಲ್ಲ ಪಾಟಿಗಳೂ ಬಣ್ಣ ಬಣ್ಣದ ಬಾಲ ಬಿಟ್ಟುಕೊಂಡು ಮೇಜಿನ ಮೇಲೆ ಸಾಲಾಗಿ ಕೂತಿವೆ, ಇಲಿಗಳ ಹಾಗೆ. ನನ್ನ ಕೆಲಸ ಅಷ್ಟೇ ಇನ್ನು, ಪೊಲೀಸರೂ ಬಂದಾರು ಅಂದುಕೊಂಡೆ. ಹೆಡ್ ಮಾಸ್ತರರ ಮುಂದೆ ನಿಂತು ಒಂದು ಪಾಟಿಯನ್ನು ಬಾಲ ಹಿಡಿದು ತೋರಿಸಿದೆ. ಪೂನಮ್ ಮತ್ತೆ ಬಂದು ಸೂಜಿಯಿಂದ ಒಂದೊಂದನ್ನೇ ಎಳೆದು ತೆಗೆದಳು. ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು. ‘ಮೇಡಮ್, ನಾ ಏಸ ಊರ ತಿರಗೇನಿ, ಇಂಥಾದ್ದ ಎಲ್ಲೂ ನೋಡಿಲ್ರೀ’ ಅಂದಳು. ನಾನು ನಗಬೇಕೋ ಅಳಬೇಕೋ ತಿಳಿಯದೆ ಅವಳಿಗೆ ಚಹಾ ಮಾಡಿಕೊಟ್ಟೆ.

ಪಾಟಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ ಅಣ್ಣಾ. ಹಾಗೆ ಹೇಳಿದರೆ ನಾಲಿಗೆಗೆ ಹುಳ ಬಿದ್ದೀತು. ಒಂಬತ್ತನೆಯ ವರ್ಗದಲ್ಲಿ ಗುರುಬಾಯಿ ಅಂತ ಹುಡುಗಿ ಇದ್ದಾಳೆ, ಕುರಿ ಕಾಯುವವರ ಮನೆಯವಳು, ಹುಟ್ಟಿನಿಂದ ಕಣ್ಣು ಮಂಜು, ಕನ್ನಡಕ ಹಾಕಿದರೂ ಅಷ್ಟಕ್ಕಷ್ಟೇ. ಪುಸ್ತಕವನ್ನು ಮೂಗಿಗೆ ಹಚ್ಚಿ ಓದುತ್ತಿದ್ದಳು. ಹುಡುಗರು ‘ಏನ ಬೇ, ಪುಸ್ತಕದ ವಾಸನಿ ನೋಡಾಕತ್ತೀಯೇನ?’ ಅಂತ ಕಾಡಿಸಿ ಕಾಡಿಸಿ ಅವಳು ನನ್ನ ಖೋಲಿಗೆ ಬರುವುದನ್ನೇ ಬಿಟ್ಟಿದ್ದಳು. ಈ ಪಾಟಿಯಲ್ಲಿ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಬಹುದು. ಈಗ ಅವಳ ಪಾಟಿಯಲ್ಲಿ ಒಂದು ಪುಟಕ್ಕೆ ನಾಲ್ಕೈದು ಸಾಲು ಮಾತ್ರ ಇರುತ್ತವೆ, ಅಂಗಡಿಯ ಬೋರ್ಡಿನ ಹಾಗೆ. ಬೆನ್ನು ನೆಟ್ಟಗೆ ಮಾಡಿ ಕೂತು ಓದುತ್ತಾಳೆ. ಮೊನ್ನೆ ಒಂದು ಪುಸ್ತಕ ಮುಗಿಸಿ ತಲೆ ಎತ್ತಿ ಸುಮ್ಮನೆ ಗೋಡೆ ನೋಡುತ್ತಾ ಕೂತಿದ್ದಳು. ಯಾಕ ಅಂದೆ. ‘ಮುಗದಽ ಹೋತರೀ ಅಕ್ಕಾರ’ ಅಂದಳು. ಅವಳ ದನಿ ಕೇಳಿ ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ, ಧೂಳು ಒರೆಸುವ ನೆವ ಮಾಡಿ ಆ ಕಡೆ ತಿರುಗಿದೆ. ಪಾಟಿ ಬೇಕು. ಅವಳ ಸಲುವಾಗಿಯಾದರೂ ಬೇಕು.

ಆದರೆ ಪಾಟಿ ಮನೆಗೆ ಹೋಗುವುದಿಲ್ಲ. ಸಂಜೆ ಎಣಿಸಿ ಕಬ್ಬಿಣದ ಕಪಾಟಿನಲ್ಲಿ ಇಟ್ಟು ಕೀಲಿ ಹಾಕಬೇಕು, ಅದು ಟ್ರಸ್ಟಿನವರ ಷರತ್ತು. ಅದೂ ತಪ್ಪಲ್ಲ, ಮನೆಮನೆಗೆ ಕೊಟ್ಟರೆ ನನಗೆ ನಿದ್ದೆ ಬಂದೀತೇ? ಪುಸ್ತಕ ಹಾಗಿರಲಿಲ್ಲ. ಶನಿವಾರ ಮಕ್ಕಳು ಒಂದೊಂದು ಒಯ್ಯುತ್ತಿದ್ದರು, ರವಿವಾರ ಅವರ ಮನೆಯಲ್ಲಿ ಕಂಡಿಕೆ ಸುತ್ತುವ ಹೆಂಗಸರು ಒಂದು ಕಡೆ ಕೂಡಿ ಓದಿಸಿಕೊಂಡು ಕೇಳುತ್ತಿದ್ದರು. ಮಕ್ಕಳು ಮಗ್ಗದ ಸದ್ದಿನ ಮೇಲೆ ದನಿ ಎತ್ತಿ ಓದಿ ಓದಿ ಗಂಟಲು ಹರಕೊಳ್ಳುತ್ತಿದ್ದರು, ಅದೇ ಗಂಟಲಲ್ಲಿ ನನ್ನ ಖೋಲಿಯೊಳಗೂ ಕೂಗುತ್ತಿದ್ದರು, ನಾನು ಕಾರಖಾನೆಯಲ್ಲಿ ನೀವು ಮಾಡುವ ಹಾಗೆ ಕೈಸನ್ನೆ ಮಾಡಿ ಸುಮ್ಮನಾಗಿಸುತ್ತಿದ್ದೆ. ಜುಲೈನಲ್ಲಿ ಪುಸ್ತಕಗಳನ್ನೆಲ್ಲ ಗಂಟು ಕಟ್ಟಿ ಮೂಲೆಗೆ ಒಟ್ಟಿದ ಮೇಲೆ ಅದೆಲ್ಲ ನಿಂತಿತು. ಎದುರು ಮನೆಯ ಯಲ್ಲವ್ವ ನಾನು ನೀರಿಗೆ ಹೋದಾಗಲೊಮ್ಮೆ ಹಿಡಿದು ನಿಲ್ಲಿಸುತ್ತಾಳೆ. ‘ಅಲ್ಲ ಕಾಂಚವ್ವಾ, ಆ ಕಥ್ಯಾಗಿನ ಹುಡುಗಿ ಗಂಡನ ಮನಿ ಬಿಟ್ಟ ಹೊಂಟಾಕಿ ಬಸ್‌ಸ್ಟ್ಯಾಂಡಿನಾಗ ಕುಂತಾಳ. ಎರಡು ತಿಂಗಳಾತು, ಇನ್ನೂ ಅಲ್ಲೇ ಕುಂತಾಳ. ಬಸ್ ಹತ್ತಿದಳೋ, ಹೊಳ್ಳಿ ಮನಿಗಿ ಹೋದಳೋ? ಅಷ್ಟ ಹೇಳಿ ಹೋಗ.’ ಪುಸ್ತಕ ಯಾವ ಗಂಟಿನಲ್ಲಿದೆಯೋ ನನಗೆ ಗೊತ್ತಿಲ್ಲ, ಆ ಕಥೆ ನಾನು ಓದಿಯೂ ಇಲ್ಲ. ಪಾಟಿಯಲ್ಲಿ ಹುಡುಕಿಸಿದೆ, ಅದರಲ್ಲಿ ಆ ಪುಸ್ತಕ ಇಲ್ಲ. ಈಗ ಅವಳ ಮನೆ ಬಾಗಿಲು ತೆರೆದಿದ್ದರೆ ಹಿಂದಿನ ಓಣಿಯಿಂದ ಸುತ್ತಿ ಹೋಗುತ್ತೇನೆ.

ಈಗ ಆ ಗಂಟುಗಳದ್ದೇ ಪ್ರಶ್ನೆ. ಪಾಟಿಗಳ ಖೋಲಿಯಲ್ಲಿ ಧೂಳು ಇರಬಾರದು, ಹಳೆಯ ಪುಸ್ತಕ ತೆಗೆಯಿರಿ ಅಂತ ಕಮಿಟಿಯವರು ಹೇಳಿದ್ದಾರೆ. ದಸರೆ ರಜೆಯೊಳಗೆ ಖೋಲಿಗೆ ಬಣ್ಣ ಹಚ್ಚುವವರಿದ್ದಾರೆ. ನಮ್ಮ ಹೆಡ್ ಮಾಸ್ತರರು ಚನಮಲ್ಲಪ್ಪ ಸರ್ ಒಳ್ಳೆಯವರು. ಜಮಖಂಡಿಯಲ್ಲಿ ಕೇಳಿದರು, ಮುಧೋಳದಲ್ಲಿ ಕೇಳಿದರು, ಬೀಳಗಿಯಲ್ಲಿ ತಮ್ಮ ಗೆಳೆಯರ ಶಾಲೆಗೂ ಕೇಳಿದರು. ಎಲ್ಲರ ಕಡೆಯೂ ಹಳೆಯ ಪುಸ್ತಕ ಬೇಕಾದಷ್ಟಿವೆ, ಜಾಗ ಯಾರ ಕಡೆಯೂ ಇಲ್ಲ. ಕೊನೆಗೆ ನನ್ನನ್ನು ಕರೆದು, ‘ರದ್ದಿಗೆ ಹಾಕೂದು ನನಗೂ ಜೀವಕ್ಕ ಬರೂದಿಲ್ರೀ. ಆದರ ನಾ ಇವನ್ನ ತಲೀ ಮ್ಯಾಲ ಹೊತಗೊಂಡ ತಿರಗಲ್ಯಾ? ಊರಾಗ ಯಾರರೆ ಒಯ್ದು ಮಂದಿಗಿ ಓದಾಕ ಇಡ್ತೀನಿ ಅಂದ್ರ ಬರದ ಕೊಡ್ತೀನಿ. ಇಲ್ಲಂದ್ರ ಈ ಸೋಮವಾರ ಬಿಟ್ಟ ಮುಂದಿನ ಸೋಮವಾರ ರದ್ದಿ ಗಾಡಿ ಬರತೈತಿ’ ಅಂದರು. ಮನೆಗೆ ಬಂದು ಮಗ್ಗದ ಖೋಲಿಯ ಬಾಗಿಲಲ್ಲಿ ನಿಂತೆ. ರಸ್ತೆಗೆ ಹತ್ತಿದ ಖೋಲಿ, ಬೇರೆ ಬಾಗಿಲು, ಗಾಳಿ ಬೆಳಕು ಇದೆ. ಕಂಡಿಕೆ ಸುತ್ತುವವರು ರಾಟಿ ತಂದು ಕೂರಬಹುದು, ಮಕ್ಕಳು ಶಾಲೆ ಬಿಟ್ಟ ಮೇಲೆ ಬರಬಹುದು. ನಮ್ಮ ಮನೆಯವರಿಗೆ ಹೇಳಿದರೆ ‘ಮನಿ ನಿಮ್ಮದು, ಮಗ್ಗ ನಿಮ್ಮಪ್ಪಂದು, ನನ್ನ ಯಾಕ ಕೇಳ್ತಿ? ನಿಮ್ಮಣ್ಣಗ ಕೇಳ’ ಅಂದು ಮಗ್ಗುಲಾದರು. ಮಾತು ಖರೆ. ಮನೆಗೆ ಬೀಗ ಬೀಳಬಾರದು ಅಂತ ನೀನು ನಮ್ಮನ್ನು ಕರೆದು ಇಲ್ಲಿ ಇಟ್ಟವನು.

ಅವ್ವನ ಮುಂದೆ ಮಾತು ತೆಗೆಯಲು ನನಗೆ ಧೈರ್ಯ ಸಾಲದು. ಸ್ವಲ್ಪ ಸುತ್ತಿ ಬಳಸಿ, ‘ಯವ್ವಾ, ಆ ಖೋಲಿ ಸುಮ್ಮನ ಬಿದ್ದೈತಲ್ಲ’ ಅಂದೆ. ‘ಸುಮ್ಮನ ಯಾಕ ಬಿದ್ದೀತ? ಭೀಮಶಿ ಬರತಾನ, ಹಾಸು ಹಚ್ಚತಾನ’ ಅಂದಳು. ನಿನಗೆ ಸಿಟ್ಟು ಬಂದರೆ ಬರಲಿ, ಒಂದು ಮಾತು ಬರೆಯುತ್ತೇನೆ. ಹೋದ ವರ್ಷ ಮುಧೋಳದ ಮದುವೆಗೆ ಬಂದವನು ನೀನು ಈ ಮನೆಗೂ ಬಂದೆ. ನಾನು ಕರಿಗಡಬು ಮಾಡಿದ್ದೆ. ಅವ್ವ ತುಪ್ಪ ಬಡಿಸುತ್ತಾ ‘ಮಗ್ಗ ಯಾವಾಗ ಹಚ್ಚತೀಯೋ ಯಪ್ಪಾ?’ ಅಂದಳು. ನಿನಗೆ ಕೇಳಿಸಿತೋ ಇಲ್ಲವೋ, ಅವಳ ತುಟಿ ನೋಡಿದೆ, ತಲೆ ತಗ್ಗಿಸಿದೆ, ಊಟ ಅರ್ಧಕ್ಕೆ ಬಿಟ್ಟು ಕೈ ತೊಳೆದುಕೊಂಡೆ. ರಾತ್ರಿ ಇರುತ್ತೇನೆ ಅಂದವನು ಮಧ್ಯಾಹ್ನದ ಬಸ್ಸಿಗೇ ಹೋದೆ. ಆಮೇಲೆ ಬಂದಿಲ್ಲ. ಬಸ್ಸಿಗೆ ದೂರ ಏನಿಲ್ಲ, ಆದರೂ ಬಂದಿಲ್ಲ. ನನ್ನ ಅಡಿಗೆಯಲ್ಲಿ ಏನಾದರೂ ಹೆಚ್ಚು ಕಡಿಮೆ ಆಗಿತ್ತೇ, ನಮ್ಮ ಮನೆಯವರು ಏನಾದರೂ ಅಂದರೇ ಎಂದು ಎಷ್ಟು ದಿನ ತಲೆ ಕೆಡಿಸಿಕೊಂಡೆ ಗೊತ್ತೇ?

ಅದಕ್ಕೇ ಕೈಮುಗಿದು ಕೇಳುತ್ತೇನೆ, ಒಂದು ಸಾಲು ಬರೆದು ಕಳಿಸು. ಎಳೆ ಇರಲಿ ಅಂದರೆ ಇರಲಿ, ಪುಸ್ತಕಗಳ ನಸೀಬಿನಲ್ಲಿ ಇದ್ದದ್ದು ಆಗುತ್ತದೆ, ನಾನು ಆ ಸೋಮವಾರ ಶಾಲೆಗೆ ಸೂಟಿ ಹಾಕಿ ಮನೆಯಲ್ಲಿ ಮಲಗುತ್ತೇನೆ. ಕೊಯ್ಯಿ ಅಂದರೆ ಅವ್ವನಿಗೆ ನೀನೇ ಹೇಳಬೇಕು, ನನ್ನಿಂದ ಆಗುವುದಿಲ್ಲ. ಬಹಳ ದಣಿದಿದ್ದೇನೆ ಅಣ್ಣಾ. ಮೊದಲು ಪುಸ್ತಕ ಎಂಬುದೊಂದೇ ಚಿಂತೆ ಇತ್ತು, ಗೆದ್ದಲು ಹಿಡಿಯದಿರಲಿ, ಮಳೆಗೆ ತೊಯ್ಯದಿರಲಿ. ಈಗ ಪಾಟಿಯೂ ನನ್ನದೇ, ಪುಸ್ತಕವೂ ನನ್ನದೇ, ಯಲ್ಲವ್ವನ ಬಸ್‌ಸ್ಟ್ಯಾಂಡಿನ ಹುಡುಗಿಯೂ ನನ್ನದೇ ಆಗಿ ಕೂತಿದ್ದಾಳೆ. ಎಲ್ಲರೂ ಒಂದು ಉತ್ತರಕ್ಕೆ ನನ್ನ ಮುಖ ನೋಡುತ್ತಾರೆ, ನಾನು ನಿನ್ನ ಮುಖ ನೋಡುತ್ತೇನೆ, ನಿನ್ನ ಮುಖ ಅಷ್ಟು ದೂರ ಇದೆ. ತಪ್ಪು ಬರೆದಿದ್ದರೆ ತಂಗಿ ಅಂತ ಹೊಟ್ಟೆಯಲ್ಲಿ ಹಾಕಿಕೋ.

ವೈನಿಗೆ ನನ್ನ ಶರಣು ಹೇಳು. ಮಕ್ಕಳ ಗಲ್ಲಕ್ಕೆ ನನ್ನ ಮುತ್ತು. ಬೀರೇಶ್ವರ ನಿನ್ನ ಕಿವಿಯನ್ನೂ ಕೈಯನ್ನೂ ಕಾಯಲಿ. ಅರಳೆ ಇಟ್ಟುಕೋ.

ನಿನ್ನ ತಂಗಿ
ಕಾಂಚನಾ

ತಾ.ಕ.: ಬುಧವಾರ. ಪತ್ರ ಇನ್ನೂ ಪೆಟ್ಟಿಗೆಗೆ ಹಾಕಿರಲಿಲ್ಲ, ಅವಸರದಲ್ಲಿ ಬರೆಯುತ್ತಿದ್ದೇನೆ. ರದ್ದಿ ಗಾಡಿಯವನು ಈ ಕಡೆ ಬಂದಿದ್ದೆ ಅಂತ ನಿನ್ನೆಯೇ ಬಂದುಬಿಟ್ಟ. ಗಂಟುಗಳನ್ನು ಗಾಡಿಗೆ ಹೇರುತ್ತಿದ್ದರು. ಚನಮಲ್ಲಪ್ಪ ಸರ್ ನನ್ನನ್ನು ನೋಡಿ ‘ಏನ ಮಾಡೂಣ್ರಿ, ಹೇಳ್ರಿ’ ಅಂದರು. ನಾನು ಅಲ್ಲಿಂದ ಮನೆಗೆ ಓಡಿ ಬಂದೆ, ಯಾಕೆ ಬಂದೆನೋ ನನಗೇ ಗೊತ್ತಿಲ್ಲ. ಉಸಿರು ಹಿಡಿದುಕೊಂಡು ಅವ್ವನಿಗೆ ಎಲ್ಲವನ್ನೂ ಒಂದೇ ಸಲಕ್ಕೆ ಹೇಳಿದೆ. ಅವಳು ಪೂರಾ ಕೇಳಿದಳು. ಎದ್ದು ಕತ್ತರಿ ತಗೊಂಡು ಮಗ್ಗದ ಕುಣಿಯಲ್ಲಿ ಇಳಿದು ಅಪ್ಪ ಇದ್ದಾಗ ಕೂರುತ್ತಿದ್ದ ಜಾಗದಲ್ಲಿ ಕೂತಳು. ಎಳೆಗಳನ್ನು ಒಮ್ಮೆ ಕೈಯಿಂದ ಸವರಿದಳು, ಆಮೇಲೆ ಕೊಯ್ದಳು. ನಾನು ಬೇಡ ಬೇಡ ಅನ್ನುವುದರೊಳಗೆ ಕೊಯ್ದಾಗಿತ್ತು. ‘ಅಂವ ಬರಾಂಗಿಲ್ಲ ಕಾಂಚಿ. ನನಗ ಭಾಳ ದಿನದಿಂದ ಗೊತ್ತೈತಿ. ಹೇಳಾಕ ಅವಗ ಆಗವಲ್ತು, ಕೇಳೂದ ಬಿಡಾಕ ನನಗ ಆಗವಲ್ತು. ಈ ಎಳಿಗಿ ಅಂಜಿ ಅಂವ ಈ ಕಡೆ ಮಾರಿ ಹಾಕವಲ್ಲ. ಎಳಿ ಇಟಗೊಂಡ ಮಗನ್ನ ಕಳಕೊಳ್ಳಲೇನ? ನಡಿ, ನಿನ್ನ ಪುಸ್ತಕದ ಗಾಡಿ ಹೋದೀತು’ ಅಂದಳು. ಅದೇ ರದ್ದಿ ಗಾಡಿಯಲ್ಲೇ ಪುಸ್ತಕಗಳೆಲ್ಲ ನಮ್ಮ ಬಾಗಿಲಿಗೆ ಬಂದಿವೆ, ಗಾಡಿಯವನು ಬೈದುಕೊಂಡೇ ಇಳಿಸಿ ಹೋದ. ಮಗ್ಗದ ಕಟ್ಟಿಗೆ ಅಟ್ಟದ ಮೇಲಿದೆ. ಅವ್ವ ಗುಳಿಗೆಯನ್ನು ತಾನಾಗಿ ಕೇಳಿ ನುಂಗಿ ಮಲಗಿದ್ದಾಳೆ. ಅಣ್ಣಾ, ದಸರೆಗೆ ವೈನಿ ಮಕ್ಕಳನ್ನು ಕರಕೊಂಡು ಬಾ, ನಾಲ್ಕು ದಿನ ಇರುವ ಹಾಗೆ ಬಾ. ಮಗ್ಗ ಯಾವಾಗ ಹಚ್ಚುತ್ತೀ ಅಂತ ಈ ಮನೆಯಲ್ಲಿ ನಿನ್ನನ್ನು ಇನ್ನು ಯಾರೂ ಕೇಳುವುದಿಲ್ಲ.